ಫಿಸಿಕ್ಸೋ ಮ್ಯಾತ್ಸೋ? ಮೊದಲ ವರ್ಷ ಯಾವುದರಲ್ಲಿ ಜಾಸ್ತಿ ಹಿಂಡುತ್ತಾರೆ?

ಎರಡು ದೋಣಿ:

ಎಲ್ಲರಿಗೂ ನಮಸ್ಕಾರ. ಡಿಗ್ರಿಗೆ ಫಿಸಿಕ್ಸ್‌ನಲ್ಲೂ ಸೀಟು ಸಿಕ್ಕಿದೆ, ಮ್ಯಾತ್ಸ್‌ನಲ್ಲೂ ಸಿಕ್ಕಿದೆ. ಇನ್ನು ಹನ್ನೊಂದು ದಿನದಲ್ಲಿ ಒಂದನ್ನು ಬಿಡಬೇಕು. ಅಂಕ ನೋಡಿ ನಿರ್ಧರಿಸೋಣ ಎಂದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಕೇಳಿದರೆ "ನಿನಗೆ ಇಷ್ಟವಾದದ್ದು ತಗೋ" ಎನ್ನುತ್ತಾರೆ. ಇಷ್ಟ ಯಾವುದು ಅಂತ ಗೊತ್ತಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆ?

ಫಿಸಿಕ್ಸ್ ಹಿಡಿಸಿದ್ದು ಒಂದು ಲೆಕ್ಕದಿಂದ. ಇಳಿಜಾರಿನಲ್ಲಿ ಒಂದು ಗಟ್ಟಿ ಸಿಲಿಂಡರನ್ನೂ ಒಂದು ತೆಳು ಉಂಗುರವನ್ನೂ ಒಟ್ಟಿಗೆ ಉರುಳಲು ಬಿಟ್ಟರೆ ಗಟ್ಟಿಯದ್ದೇ ಮೊದಲು ಕೆಳಗೆ ಬರುತ್ತದೆ. ತೂಕ ಎಷ್ಟಾದರೂ ಇರಲಿ, ಗಾತ್ರ ಎಷ್ಟಾದರೂ ಇರಲಿ. ಪುಸ್ತಕದಲ್ಲಿ ಓದಿದಾಗ ನಂಬಿಕೆ ಬರಲಿಲ್ಲ. ಹಲಗೆಯೊಂದನ್ನು ಓರೆಯಾಗಿಟ್ಟು ಒಂದು ಪೆನ್ಸಿಲ್ ಸೆಲ್ಲನ್ನೂ ಟೇಪು ಮುಗಿದ ಖಾಲಿ ಉಂಗುರವನ್ನೂ ಬಿಟ್ಟು ನೋಡಿದೆ. ಹತ್ತಕ್ಕೆ ಹತ್ತು ಸಲ ಸೆಲ್ಲೇ ಗೆದ್ದಿತು. ಅವತ್ತು ಊಟ ಮಾಡುವುದನ್ನೂ ಮರೆತಿದ್ದೆ.

ಮ್ಯಾತ್ಸ್ ಹಿಡಿಸಿದ್ದು ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಅನ್ನುವುದರ ಸಾಧನೆಯಿಂದ. ಇರುವುದಷ್ಟನ್ನೂ ಗುಣಿಸು, ಒಂದು ಕೂಡಿಸು, ಈಗ ಇದನ್ನು ಯಾವುದು ಭಾಗಿಸುತ್ತದೆ ಹೇಳು ನೋಡೋಣ! ನಾಲ್ಕೇ ಸಾಲು. ಯೂಕ್ಲಿಡ್ ಬರೆದು ಎರಡು ಸಾವಿರ ವರ್ಷ ದಾಟಿದೆ, ಒಂದು ಕೂದಲೂ ಕೊಂಕಿಲ್ಲ.

ಈಗ ಭಯಗಳು. ಶಾಲೆಯ ಲ್ಯಾಬ್‌ನಲ್ಲಿ ಒಂದು ಥರ್ಮಾಮೀಟರ್ ಒಡೆದಿದ್ದೇನೆ, ಅಂದಿನಿಂದ ಲ್ಯಾಬ್ ಎಂದರೆ ಕೈ ನಡುಗುತ್ತದೆ. ಇನ್ನೊಂದು ಕಡೆ, ಕೂಡಿ ಕಳೆಯುವುದರಲ್ಲಿ ನಾನು ನಿಧಾನ. ಏಳು ಎಂಟಲಿ ಎಷ್ಟು ಅಂದರೆ ಈಗಲೂ ಒಂದು ಕ್ಷಣ ಯೋಚಿಸುತ್ತೇನೆ. ಹೀಗಿರುವವಳು ಮ್ಯಾತ್ಸ್ ಓದಬಹುದಾ?

ನಮ್ಮ ಚಿಕ್ಕಪ್ಪನ ಮಗ ಹೇಳುತ್ತಾನೆ, "ಮ್ಯಾತ್ಸ್‌ನಲ್ಲಿ ಲ್ಯಾಬ್ ಇಲ್ಲ, ರೆಕಾರ್ಡ್ ಬರೆಯುವ ಗೋಜಿಲ್ಲ, ಮಧ್ಯಾಹ್ನಕ್ಕೆ ಮನೆ. ಆರಾಮ." ನಿಜವಾ? ಮೊದಲ ವರ್ಷ ವಾರಕ್ಕೆ ಎಷ್ಟು ಗಂಟೆ ಕೂರಬೇಕಾಗುತ್ತದೆ? ತಪ್ಪು ಆರಿಸಿಕೊಂಡರೆ ಆಮೇಲೆ ಬದಲಾಯಿಸಬಹುದಾ? ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ.

ಶನಿವಾರದ ಲ್ಯಾಬ್:

ಫಿಸಿಕ್ಸ್ ಎರಡನೇ ವರ್ಷ. ನೇರವಾಗಿ ಅಂಕಿ ಹೇಳುತ್ತೇನೆ, ಇದು ನನ್ನ ಒಬ್ಬನ ಲೆಕ್ಕ. ಕಳೆದ ವರ್ಷ ವಾರಕ್ಕೆ ಕ್ಲಾಸ್ 14 ಗಂಟೆ. ಲ್ಯಾಬ್ ಎರಡು ಸಲ, ಮೂರು ಮೂರು ಗಂಟೆ. ರೆಕಾರ್ಡ್ ಬರೆಯಲು, ಗ್ರಾಫ್ ಹಾಕಲು ಇನ್ನೊಂದು 5 ಗಂಟೆ. ಪ್ರಾಬ್ಲಮ್ ಶೀಟ್ ವಾರಕ್ಕೆ ಎರಡು, ಅದಕ್ಕೆ 10 ಗಂಟೆ. ಕೂಡಿಸಿಕೊಳ್ಳಿ. ನಿಧಾನವಾಗಿ ಕೂಡಿಸಿದರೂ 35 ಬರುತ್ತದೆ. 😀

ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ. ಮೆಕ್ಯಾನಿಕ್ಸ್ ಮೇಷ್ಟ್ರು ಮೂರನೇ ವಾರಕ್ಕೇ ಡಿಫರೆನ್ಷಿಯಲ್ ಈಕ್ವೇಷನ್ ಬೋರ್ಡ್ ಮೇಲೆ ಬರೆದುಬಿಟ್ಟರು. ಅದನ್ನು ಬಿಡಿಸುವುದು ಹೇಗೆ ಅಂತ ಮ್ಯಾತ್ಸ್ ಮೇಷ್ಟ್ರು ಹೇಳಿಕೊಟ್ಟದ್ದು ಒಂಬತ್ತನೇ ವಾರದಲ್ಲಿ. ನಡುವಿನ ಆರು ವಾರ ನಾವು ದೇವರ ಮೇಲೆ ಭಾರ ಹಾಕಿ ಓಡಿಸಿದೆವು. ಬೇರೆ ಕಡೆ ಓದಿದ ಗೆಳೆಯರೂ ಇದನ್ನೇ ಹೇಳುತ್ತಾರೆ. ಫಿಸಿಕ್ಸ್‌ಗೆ ಗಣಿತ ಯಾವಾಗಲೂ ನಿನ್ನೆಯೇ ಬೇಕಾಗಿರುತ್ತದೆ. ಸೇರುವ ಮುಂಚೆ ರಜೆಯಲ್ಲಿ ಇಂಟಿಗ್ರೇಷನ್, ವೆಕ್ಟರ್, ಕಾಂಪ್ಲೆಕ್ಸ್ ನಂಬರ್ ಈ ಮೂರನ್ನು ಕೈಗೆ ಅಂಟಿಸಿಕೊಂಡರೆ ಅರ್ಧ ಕಷ್ಟ ಕಡಿಮೆ. ಸ್ವಲ್ಪ ಪೈಥಾನ್ ಕಲಿತಿದ್ದರೆ ಇನ್ನೂ ಒಳ್ಳೆಯದು, ಈಗ ಗ್ರಾಫ್ ಎಲ್ಲ ಅದರಲ್ಲೇ ಹಾಕಿಸುತ್ತಾರೆ.

ಥರ್ಮಾಮೀಟರ್ ಬಿಡಿ. ನಾನು ಒಂದು ಲೆನ್ಸ್ ಬೀಳಿಸಿದ್ದೇನೆ. ಬೈದರು, ಮುಗಿಯಿತು.

ಅರ್ಧಕ್ಕೆ ದಾಟಿದವನು:

ನಾನು ಫಿಸಿಕ್ಸ್‌ಗೆ ಸೇರಿ ಒಂದು ವರ್ಷ ಮುಗಿಸಿದೆ. ಆಮೇಲೆ ಮ್ಯಾತ್ಸ್‌ಗೆ ಹೋಗಿ ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಿದೆ. ಅಂದರೆ ಮೊದಲ ವರ್ಷವನ್ನು ಎರಡು ಸಲ ತಿಂದವನು. ಈಗ ಮೊದಲ ವರ್ಷದವರ ಮ್ಯಾತ್ಸ್ ಶೀಟುಗಳನ್ನು ತಿದ್ದುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮಣ್ಣ ಹೇಳಿದ "ಮಧ್ಯಾಹ್ನಕ್ಕೆ ಮನೆ" ನಿಜ. "ಆರಾಮ" ಸುಳ್ಳು. ಫಿಸಿಕ್ಸ್‌ನ ಹೊರೆ ಗಡಿಯಾರದಲ್ಲಿ ಕಾಣುತ್ತದೆ. ಲ್ಯಾಬ್ ಮುಗಿಯಿತು, ರೆಕಾರ್ಡ್ ಕೊಟ್ಟಾಯಿತು, ಇವತ್ತಿಗೆ ಸಾಕು ಅಂತ ಎದ್ದು ಹೋಗಬಹುದು. ಮ್ಯಾತ್ಸ್ ಶೀಟಿನಲ್ಲಿ ಆರೇ ಪ್ರಶ್ನೆ ಇರುತ್ತವೆ. ಬೆಳಿಗ್ಗೆ ಒಂದನ್ನು ಹಿಡಿದು ಕೂತರೆ ಸಂಜೆಗೆ ಹಾಳೆ ಖಾಲಿ. ಸ್ನಾನ ಮಾಡುವಾಗ ಅದೇ, ಬಸ್ಸಿನಲ್ಲಿ ಅದೇ, ರಾತ್ರಿ ಮಲಗಿದರೆ ಅದೇ. ನಾಲ್ಕನೇ ದಿನ ಹೊಳೆಯುತ್ತದೆ. ಬರೆದರೆ ಐದು ಸಾಲು. ಇದನ್ನು ಎಷ್ಟು ಗಂಟೆ ಅಂತ ಲೆಕ್ಕ ಹಾಕುತ್ತೀರಿ? ನಾನು ಮೇಜಿನ ಮುಂದೆ ಕೂತದ್ದು ಫಿಸಿಕ್ಸ್ ವರ್ಷದಲ್ಲೇ ಜಾಸ್ತಿ. ಸುಸ್ತಾದದ್ದು ಮ್ಯಾತ್ಸ್ ವರ್ಷದಲ್ಲಿ.

ನಾನು ಯಾಕೆ ದಾಟಿದೆ ಅಂತ ಹೇಳಿದರೆ ನಿಮಗೆ ಉಪಯೋಗ ಆಗಬಹುದು. ಸರಳ ಲೋಲಕದ ಪ್ರಯೋಗ. ದಾರಕ್ಕೆ ಒಂದು ಗುಂಡು ಕಟ್ಟಿ ತೂಗಾಡಿಸಿ, ಗುರುತ್ವದಿಂದ ಬರುವ ವೇಗೋತ್ಕರ್ಷ ಅಳೆಯುವುದು. ಪುಸ್ತಕದಲ್ಲಿರುವ ಉತ್ತರ 9.8. ನಾನೂ ನನ್ನ ಲ್ಯಾಬ್ ಜೊತೆಗಾರನೂ 60 ಸೆಂಟಿಮೀಟರ್ ದಾರ ತೆಗೆದುಕೊಂಡು 20 ತೂಗಾಟಕ್ಕೆ ಎಷ್ಟು ಹೊತ್ತು ಅಂತ ನೋಡಿದೆವು. 31.4 ಸೆಕೆಂಡ್. ಲೆಕ್ಕ ಹಾಕಿದರೆ 9.6 ಬಂತು. ಮತ್ತೆ ಮಾಡಿದೆವು, 9.6. ಮೂರನೇ ಸಲವೂ ಅದೇ.

ದಾರದ ಉದ್ದ ಬದಲಾಯಿಸುತ್ತಾ ಆರು ರೀಡಿಂಗ್ ತಗೊಂಡು ಗ್ರಾಫ್ ಹಾಕಿದೆವು. ಕೆಳಗೆ ದಾರದ ಉದ್ದ, ಮೇಲೆ ಸಮಯದ ವರ್ಗ. ಗೆರೆ ಸೊನ್ನೆಯ ಮೂಲಕ ಹೋಗಬೇಕಿತ್ತು, ಹೋಗಲಿಲ್ಲ. ಹಿಂದಕ್ಕೆ ಎಳೆದರೆ ಸೊನ್ನೆಗಿಂತ 1.2 ಸೆಂಟಿಮೀಟರ್ ಎಡಕ್ಕೆ ಮುಟ್ಟಿತು. ನನ್ನ ಜೊತೆಗಾರ ಒಂದು ನಿಮಿಷ ಅದನ್ನೇ ನೋಡಿದ. ಆಮೇಲೆ ಗುಂಡನ್ನು ತೆಗೆದು ವರ್ನಿಯರ್ ಕ್ಯಾಲಿಪರ್‌ನಲ್ಲಿ ಹಿಡಿದ. ವ್ಯಾಸ 2.4. ನಾವು ದಾರವನ್ನಷ್ಟೇ ಅಳೆದಿದ್ದೆವು, ಗುಂಡಿನ ನಡುವಿನವರೆಗೆ ಅಳೆಯಬೇಕಿತ್ತು. ನಾವು ಮರೆತ 1.2 ಸೆಂಟಿಮೀಟರನ್ನು ಆ ಗ್ರಾಫೇ ಹುಡುಕಿ ಕೊಟ್ಟಿತ್ತು! ಗೆರೆಯ ಓರೆಯಿಂದ ಲೆಕ್ಕ ಹಾಕಿದರೆ 9.8 ಸರಿಯಾಗಿ ಬಂತು. ಅವನು ಕುಣಿದಾಡುವುದೊಂದು ಬಾಕಿ. ಎರಡು ವಾರ ಸಿಕ್ಕಸಿಕ್ಕವರಿಗೆಲ್ಲ ಅದೇ ಕಥೆ ಹೇಳಿದ.

ನನಗೆ? "ಸರಿ, ಮುಗಿಯಿತಲ್ಲ" ಅನಿಸಿತು. ನನ್ನ ತಲೆಯಲ್ಲಿ ಬೇರೆಯೇ ಹುಳ ಓಡುತ್ತಿತ್ತು. ಆ ಸೂತ್ರ ತರುವಾಗ ಒಂದು ಕಡೆ "ಕೋನ ಸಣ್ಣದಿದ್ದರೆ ಸೈನ್ ತೀಟಾ ಎಂದರೆ ತೀಟಾನೇ ಅಂದುಕೊಳ್ಳಿ" ಎನ್ನುತ್ತಾರೆ. ಯಾಕೆ ಅಂದುಕೊಳ್ಳಬೇಕು? ಮೇಷ್ಟ್ರನ್ನು ಕೇಳಿದೆ. ಅವರು ಒಳ್ಳೆಯ ಉತ್ತರವನ್ನೇ ಕೊಟ್ಟರು. ಹತ್ತು ಡಿಗ್ರಿಯಿಂದ ಬಿಟ್ಟರೂ ಸಮಯದಲ್ಲಿ ಬರುವ ವ್ಯತ್ಯಾಸ ಶೇಕಡಾ 0.2ರಷ್ಟು, ಸ್ಟಾಪ್‌ವಾಚ್ ಒತ್ತುವ ನಿನ್ನ ಬೆರಳು ಅದಕ್ಕಿಂತ ಜಾಸ್ತಿ ತಪ್ಪುತ್ತದೆ ಎಂದರು. ಫಿಸಿಕ್ಸ್‌ನಲ್ಲಿ ಇದಕ್ಕಿಂತ ಸರಿಯಾದ ಉತ್ತರ ಇಲ್ಲ. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ಆ 0.2 ಎಲ್ಲಿಂದ ಬಂತು, ಸೈನ್ ತೀಟಾ ಎಂದರೆ ಮುಗಿಯದ ಒಂದು ಸರಣಿ, ಅದರ ಬಾಲ ಕತ್ತರಿಸಲು ನಮಗೆ ಅಪ್ಪಣೆ ಕೊಟ್ಟವರು ಯಾರು ಅಂತ ರಾತ್ರಿಯಿಡೀ ಹೊರಳಾಡಿದೆ. ಜೊತೆಗಾರ ಗುಂಡಿನ ಕನಸು ಕಾಣುತ್ತಾ ನಿದ್ದೆ ಮಾಡಿದ. ಅವನು ಅಲ್ಲೇ ಉಳಿದ, ನಾನು ದಾಟಿದೆ.

ದಾಟಿದ ಮೇಲೆ ಹೂವಿನ ಹಾಸಿಗೆ ಸಿಕ್ಕಿತು ಅಂದುಕೊಳ್ಳಬೇಡಿ. ಮೊದಲ ಶೀಟಿಗೆ 20ಕ್ಕೆ 3 ಅಂಕ. ನಾನು ನಾಲ್ಕು ಕಡೆ "ಇದು ಸ್ಪಷ್ಟ" ಅಂತ ಬರೆದಿದ್ದೆ. ನಾಲ್ಕಕ್ಕೂ ಕೆಂಪು ಸುತ್ತು. ಪಕ್ಕದಲ್ಲಿ "ಅಷ್ಟು ಸ್ಪಷ್ಟವಿದ್ದರೆ ಸಾಧಿಸಿ" ಅಂತ ಬರೆದಿದ್ದರು. ಸಿಟ್ಟು ಬಂತು. ಕೈ ಎತ್ತದೆ ಎಳೆದ ಗೆರೆ ಮೇಲಕ್ಕೆ ಅನಂತಕ್ಕೆ ಹೋಗುವುದಿಲ್ಲ ಅನ್ನುವುದಕ್ಕೂ ಸಾಧನೆ ಬೇಕಾ?

ಬೇಕು. ಇದನ್ನು ನೀವೇ ನೋಡಿ. ಬರೀ ಭಿನ್ನರಾಶಿಗಳಿರುವ ಒಂದು ಲೋಕ ಇದೆ ಅಂದುಕೊಳ್ಳಿ. ಅದರಲ್ಲಿ 1ರಿಂದ 2ರವರೆಗೆ ಯಾವುದಾದರೂ ಸಂಖ್ಯೆ ತಗೊಳ್ಳಿ, ವರ್ಗ ಮಾಡಿ, 2 ಕಳೆಯಿರಿ, ಬಂದದ್ದರಿಂದ 1ನ್ನು ಭಾಗಿಸಿ. 1.5 ಹಾಕಿದರೆ 4 ಬರುತ್ತದೆ. 1.42 ಹಾಕಿದರೆ 61ರ ಹತ್ತಿರ. 1.4143 ಹಾಕಿದರೆ ನಾಲ್ಕು ಸಾವಿರ ದಾಟುತ್ತದೆ. ಮುಂದೆ ಹೋದಷ್ಟೂ ಏರುತ್ತದೆ, ಮೇಲೆ ಮಿತಿಯೇ ಇಲ್ಲ. ಆದರೂ ಆ ಲೋಕದಲ್ಲಿ ಎಲ್ಲಿಯೂ ಭಾಗಾಕಾರ ಕೆಡುವುದಿಲ್ಲ. ಯಾಕೆಂದರೆ ಕೆಡಬೇಕಾದ ಜಾಗ ಎರಡರ ವರ್ಗಮೂಲ, ಅದು ಭಿನ್ನರಾಶಿಯೇ ಅಲ್ಲ. ಅಂದರೆ ನಾನು "ಸ್ಪಷ್ಟ" ಅಂದದ್ದು ಸಂಖ್ಯಾರೇಖೆಯಲ್ಲಿ ತೂತು ಇಲ್ಲದಿದ್ದರೆ ಮಾತ್ರ ನಿಜ. ತೂತು ಇಲ್ಲ ಅಂದರೆ ಏನು ಅರ್ಥ? ಮೊದಲ ವರ್ಷದ ಅನಾಲಿಸಿಸ್ ಎಂದರೆ ಬಹುಪಾಲು ಇದೇ. "ಎಷ್ಟು ಹತ್ತಿರ" ಅನ್ನುವುದನ್ನು ಕರಾರುವಾಕ್ಕಾಗಿ ಹೇಳುವ ಎಪ್ಸಿಲಾನ್ ಡೆಲ್ಟಾ ಅಂತ ಹೆದರಿಸುತ್ತಾರಲ್ಲ, ಅದು ಈ ತೂತುಗಳ ಕಾವಲುಗಾರ.

ನ್ಯೂಟನ್ ಗ್ರಹಗಳ ಲೆಕ್ಕ ಮುದ್ರಿಸಿದ್ದು 1687ರಲ್ಲಿ. ಕ್ಯಾಲ್ಕುಲಸ್‌ನ ಬುನಾದಿ ಸಡಿಲವಾಗಿದೆ ಅಂತ ಬಿಷಪ್ ಬರ್ಕ್ಲಿ ಗೇಲಿ ಮಾಡಿದ್ದು 1734ರಲ್ಲಿ. ಗಣಿತಜ್ಞ ಕೋಶಿ ಅದನ್ನು ಸರಿಯಾಗಿ ಕಟ್ಟಲು ಕೂತ ಪುಸ್ತಕ ಬಂದದ್ದು 1821ರಲ್ಲಿ, ಆಮೇಲೂ ವಯರ್ಸ್ಟ್ರಾಸ್ ಬಂದು ಮುಗಿಸಬೇಕಾಯಿತು. ಅಷ್ಟರವರೆಗೆ ಫಿಸಿಕ್ಸ್ ಕಾಯುತ್ತಾ ಕೂತಿರಲಿಲ್ಲ, ಧೂಮಕೇತು ಯಾವಾಗ ಬರುತ್ತದೆ ಅಂತಲೂ ಹೇಳಿಬಿಟ್ಟಿತ್ತು. ನೀವು ಹಾಗೆ ಮುಂದೆ ಹೋಗಬಲ್ಲವರಾ, ಇಲ್ಲ ನೂರೈವತ್ತು ವರ್ಷ ಹಿಂದೆ ಉಳಿದು ಬುನಾದಿ ಕೆದಕುವವರಾ?

ಕೂಡಿ ಕಳೆಯುವುದರ ಬಗ್ಗೆ ಕೇಳಿದಿರಿ. ಅನಾಲಿಸಿಸ್ ಪರೀಕ್ಷೆಯಲ್ಲಿ ನಾನು ಬರೆದ ಅತಿ ದೊಡ್ಡ ಸಂಖ್ಯೆ 4. ಮಗ್ಗಿ ಬೇಕಾಗುವುದು ಫಿಸಿಕ್ಸ್‌ನಲ್ಲೇ ಜಾಸ್ತಿ, ಅಲ್ಲಿಯೂ ಕ್ಯಾಲ್ಕುಲೇಟರ್ ಇದೆ.

ಒಂದು ಪರೀಕ್ಷೆ ಕೊಡುತ್ತೇನೆ, ಮನೆಯಲ್ಲೇ ಮಾಡಿ. ಒಂದೇ ಅಳತೆಯ ಪುಸ್ತಕಗಳನ್ನು ಮೇಜಿನ ಅಂಚಿನಲ್ಲಿ ಒಂದರ ಮೇಲೊಂದು ಜೋಡಿಸಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ಮುಂದಕ್ಕೆ ಚಾಚಿ. ಎಲ್ಲಕ್ಕಿಂತ ಮೇಲಿನ ಪುಸ್ತಕ ಅದರ ಕೆಳಗಿನದರಿಂದ ಅರ್ಧ ಹೊರಗೆ, ಅದರ ಕೆಳಗಿನದು ಕಾಲು ಭಾಗ, ಆಮೇಲೆ ಆರರಲ್ಲೊಂದು, ಎಂಟರಲ್ಲೊಂದು. ನಾಲ್ಕನ್ನು ಕೂಡಿಸಿದರೆ 25/24. ಒಂದಕ್ಕಿಂತ ಜಾಸ್ತಿ! ಅಂದರೆ ಮೇಲಿನ ಪುಸ್ತಕ ಪೂರ್ತಿ ಮೇಜಿನ ಆಚೆ ಗಾಳಿಯಲ್ಲಿ. ಎರಡು ಪುಸ್ತಕದಷ್ಟು ಆಚೆ ಹೋಗಲು 31 ಪುಸ್ತಕ ಬೇಕು. ಮೂರರಷ್ಟು ಹೋಗಲು 227. ಹೀಗೇ ಎಷ್ಟು ದೂರ ಬೇಕಾದರೂ ಹೋಗಬಹುದಾ? ಹೌದಾದರೆ ಯಾಕೆ? ಮಾಡಿ ನೋಡಿ, ನಿಮ್ಮ ಮನಸ್ಸು ಯಾವ ಕಡೆ ಓಡುತ್ತದೆ ಅಂತ ಗಮನಿಸಿ. ಉತ್ತರ ಸಿಕ್ಕಿತೋ ಇಲ್ಲವೋ ಮುಖ್ಯವಲ್ಲ.

ಎರಡು ದೋಣಿ:

ಅಬ್ಬಾ, ಇಷ್ಟು ಉದ್ದ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ತೂತಿನ ಉದಾಹರಣೆ ಎರಡು ಸಲ ಓದಿದೆ, ಮೂರನೇ ಸಲಕ್ಕೆ ಅರ್ಥವಾಯಿತು. ಪುಸ್ತಕ ನಾಳೆ ಜೋಡಿಸುತ್ತೇನೆ. ಬದಲಾಯಿಸುವ ಬಗ್ಗೆ ಯಾರಾದರೂ ಹೇಳಿ. ನೀವು ಮತ್ತೆ ಮೊದಲಿಂದ ಶುರು ಮಾಡಿದ್ದು ಕೇಳಿ ಎದೆ ಧಸಕ್ಕೆಂದಿತು.

ಹಳೇ ಲೋಲಕ:

ನನ್ನ ಮಗಳ ವಯಸ್ಸಿನವಳು ನೀನು, ಹಾಗಾಗಿ ನೀನು ಎಂದೇ ಕರೆಯುತ್ತೇನಮ್ಮ. ಫಿಸಿಕ್ಸ್ ಓದಿ, ಬಹಳ ವರ್ಷ ಪಾಠ ಮಾಡಿ, ಈಗ ವಿಶ್ರಾಂತಿಯಲ್ಲಿದ್ದೇನೆ.

ದಾಟಿದವರು ಚೆನ್ನಾಗಿ ಬರೆದಿದ್ದಾರೆ, ಆದರೆ ನಮ್ಮವರಿಗೆ ಸ್ವಲ್ಪ ಅನ್ಯಾಯ ಮಾಡಿದ್ದಾರೆ. ಫಿಸಿಕ್ಸ್‌ನವರು ಬುನಾದಿ ನೋಡದೆ ಮುಂದೆ ಓಡುತ್ತಾರೆ ಅನ್ನುವ ಹಾಗಿದೆ ಆ ಮಾತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ತಿಳಿಯುವುದೇ ನಮ್ಮ ಕಸುಬು. ಅದು ಸಾಧನೆ ಬರೆಯುವುದಕ್ಕಿಂತ ಸುಲಭ ಅಂತ ಯಾರೂ ಅಂದುಕೊಳ್ಳಬೇಡಿ.

ಅವರದೇ ಪುಸ್ತಕದ ಗೋಪುರ ತಗೋ. ಹತ್ತು ಪುಸ್ತಕದಷ್ಟು ದೂರ ಆಚೆ ಚಾಚಬೇಕು ಅಂದರೆ ಎಷ್ಟು ಬೇಕು ಗೊತ್ತಾ? 27 ಕೋಟಿಗೂ ಜಾಸ್ತಿ. ಒಂದು ಪುಸ್ತಕ ಎರಡು ಸೆಂಟಿಮೀಟರ್ ದಪ್ಪ ಅಂದುಕೊಂಡರೂ ಗೋಪುರದ ಎತ್ತರ 5,400 ಕಿಲೋಮೀಟರ್ ದಾಟಿತು. ಭೂಮಿಯ ತ್ರಿಜ್ಯವೇ 6,371 ಕಿಲೋಮೀಟರ್. ಅಷ್ಟು ಮೇಲೆ ಹೋದರೆ ಗುರುತ್ವ ಇಲ್ಲಿಯ ಮೂರರಲ್ಲೊಂದು ಪಾಲೂ ಇರುವುದಿಲ್ಲ. ಮೇಲಿನ ಪುಸ್ತಕ ಹಗುರ, ಕೆಳಗಿನದು ಭಾರ. ಆಗ ಅರ್ಧ, ಕಾಲು, ಆರರಲ್ಲೊಂದು ಅನ್ನುವ ಲೆಕ್ಕವೇ ಕೆಟ್ಟುಹೋಯಿತು. ಕೆಳಗಿನ ಪುಸ್ತಕ ಅದಕ್ಕೆ ಎಷ್ಟೋ ಮುಂಚೆಯೇ ಅಪ್ಪಚ್ಚಿ. ಮ್ಯಾತ್ಸ್‌ನವರಿಗೆ ಇದೆಲ್ಲ ನಗು ಬರುವ ಆಕ್ಷೇಪ. ನಮಗೆ ಕಥೆ ಶುರುವಾಗುವುದೇ ಇಲ್ಲಿಂದ.

ಇನ್ನು ಬದಲಾವಣೆಯ ವಿಚಾರ. ಇವೆರಡರ ನಡುವೆ ಗೋಡೆ ಇದೆ ಅಂತ ಅಂದುಕೊಂಡು ನಿದ್ದೆಗೆಡಬೇಡ. ಹರೀಶ್ ಚಂದ್ರ 1947ರಲ್ಲಿ ಡಿರಾಕ್ ಹತ್ತಿರ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮುಗಿಸಿದವರು, ಹೆಸರು ಮಾಡಿದ್ದು ಗಣಿತದಲ್ಲಿ. ಎಡ್ವರ್ಡ್ ವಿಟ್ಟನ್ ಫಿಸಿಕ್ಸ್‌ನವರು, 1990ರಲ್ಲಿ ಗಣಿತದ ದೊಡ್ಡ ಪ್ರಶಸ್ತಿಯಾದ ಫೀಲ್ಡ್ಸ್ ಮೆಡಲ್ ಬಂತು. ಅವರ ಮೊದಲ ಡಿಗ್ರಿ ಇತಿಹಾಸದಲ್ಲಿ! 1925ರಲ್ಲಿ ಹೈಸನ್‌ಬರ್ಗ್ ತನ್ನ ಹೊಸ ಲೆಕ್ಕದಲ್ಲಿ ಹಿಂದುಮುಂದು ಗುಣಿಸಿದರೆ ಉತ್ತರ ಬದಲಾಗುವುದನ್ನು ನೋಡಿ ಗಾಬರಿಯಾಗಿದ್ದ. ಅದು ಮ್ಯಾಟ್ರಿಕ್ಸ್, ಅಂದರೆ ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ, ಗುಣಾಕಾರ ಅಂತ ಗುರುತಿಸಿದ್ದು ಮ್ಯಾಕ್ಸ್ ಬಾರ್ನ್. ಹೈಸನ್‌ಬರ್ಗ್‌ಗೆ ಆಗ ಮ್ಯಾಟ್ರಿಕ್ಸ್ ಗೊತ್ತಿರಲಿಲ್ಲ. ಇವತ್ತು ನೀನು ಎರಡರಲ್ಲಿ ಯಾವುದಕ್ಕೆ ಸೇರಿದರೂ ಮೊದಲ ವರ್ಷದಲ್ಲೇ ಅದನ್ನು ಕಲಿಯುತ್ತೀಯ.

ಆದರೆ ಇವರೆಲ್ಲ ದೊಡ್ಡವರು, ನಮ್ಮ ನಿಮ್ಮ ಮಟ್ಟಿಗೆ ಕಾಲೇಜಿನ ನಿಯಮ ಮುಖ್ಯ. ಎರಡು ಕಡೆಯ ಮೊದಲ ವರ್ಷದ ಸಿಲಬಸ್ ಪಕ್ಕಪಕ್ಕ ಇಟ್ಟು ನೋಡು. ಕ್ಯಾಲ್ಕುಲಸ್ ಮತ್ತು ಲೀನಿಯರ್ ಆಲ್ಜೀಬ್ರಾ ಎರಡಕ್ಕೂ ಒಂದೇ ಕ್ಲಾಸಿನಲ್ಲಿ ಇದ್ದರೆ ಒಂದು ಸೆಮಿಸ್ಟರ್ ಆದ ಮೇಲೂ ದಾಟಬಹುದು. ಫಿಸಿಕ್ಸ್‌ನವರಿಗೆ ಬೇರೆ, ಸಾಧನೆ ಇಲ್ಲದ ಗಣಿತ ಹೇಳಿಕೊಡುತ್ತಾರೆ ಅಂದರೆ ದಾಟುವಾಗ ಹಿಂದಿನಿಂದ ಓದಿಕೊಂಡು ಬರಬೇಕು. ದಾಟಿದವರಿಗೆ ಆದದ್ದು ಅದೇ ಇರಬೇಕು. ಮ್ಯಾತ್ಸ್‌ನಿಂದ ಫಿಸಿಕ್ಸ್‌ಗೆ ಬರುವವರಿಗೆ ಲ್ಯಾಬ್ ಬಾಕಿ ಉಳಿಯುತ್ತದೆ, ಅದನ್ನು ಮನೆಯಲ್ಲಿ ಕೂತು ಓದಿ ತುಂಬಿಸಲು ಆಗುವುದಿಲ್ಲ. ಹಾಗಾಗಿ ಸ್ವಲ್ಪವಾದರೂ ಗೊಂದಲ ಇರುವವರಿಗೆ ನಾನು ಫಿಸಿಕ್ಸ್ ಹಿಡಿದು, ಮ್ಯಾತ್ಸ್‌ನವರ ಅನಾಲಿಸಿಸ್ ಕ್ಲಾಸಿನಲ್ಲಿ ಹೋಗಿ ಕೂರು ಅಂತಲೇ ಹೇಳುತ್ತಾ ಬಂದಿದ್ದೇನೆ.

ಇನ್ನೊಂದು. ಸೀನಿಯರ್‌ಗಳ ಹತ್ತಿರ ಮೊದಲ ತಿಂಗಳ ಒಂದು ಮ್ಯಾತ್ಸ್ ಶೀಟು, ಒಂದು ಲ್ಯಾಬ್ ಮ್ಯಾನ್ಯುಯಲ್ ಕೇಳಿ ತಗೋ. ಎರಡನ್ನೂ ಮೇಜಿನ ಮೇಲೆ ಇಟ್ಟುಕೋ. ಜಾಹೀರಾತಿನ ಪುಸ್ತಿಕೆ ಓದಿ ಏನೂ ಗೊತ್ತಾಗುವುದಿಲ್ಲ.

ಅರ್ಧಕ್ಕೆ ದಾಟಿದವನು:

ಸರ್, ಅನ್ಯಾಯ ಒಪ್ಪಿದೆ. ಆದರೆ ಕೊನೆಯ ಸಲಹೆಗೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಫಿಸಿಕ್ಸ್‌ನ 35 ಗಂಟೆ ಮುಗಿಸಿ ಇನ್ನೊಂದು ಕಡೆ ಅನಾಲಿಸಿಸ್‌ಗೂ ಹೋಗಿ ಕೂರುವುದು ಬಾಯಿಮಾತಿಗೆ ಸುಲಭ. ನಾನು ಪ್ರಯತ್ನಿಸಿದ್ದೆ. ಐದನೇ ವಾರಕ್ಕೆ ಎರಡೂ ಕಡೆ ಹಿಂದೆ ಬಿದ್ದೆ. ಶೀಟು ಬಿಡಿಸದೆ ಸುಮ್ನೆ ಕೂತು ಕೇಳಿದರೆ ಅನಾಲಿಸಿಸ್ ಅರ್ಥವಾದ ಹಾಗೆ ಅನಿಸುತ್ತದೆ, ಪೆನ್ನು ಹಿಡಿದರೆ ಒಂದು ಸಾಲೂ ಬರುವುದಿಲ್ಲ.

ಶನಿವಾರದ ಲ್ಯಾಬ್:

ಇದು ನಿಜ. ನಾನು ಎರಡನೇ ವಾರಕ್ಕೇ ಬಿಟ್ಟೆ.

ಹಳೇ ಲೋಲಕ:

ನಮ್ಮ ಕಾಲದಲ್ಲಿ ರೆಕಾರ್ಡ್ ಇಷ್ಟು ಉದ್ದ ಇರುತ್ತಿರಲಿಲ್ಲ. ಸರಿ, ಒಂದೇ ಒಂದು ಪೇಪರ್ ತಗೊಳ್ಳಲಿ, ಅದನ್ನೂ ಎರಡನೇ ಸೆಮಿಸ್ಟರ್‌ನಲ್ಲಿ, ಶೀಟು ಬಿಡಿಸುವ ಹಾಗಿದ್ದರೆ ಮಾತ್ರ. ಇಷ್ಟಕ್ಕೆ ರಾಜಿ.

ಎರಡು ದೋಣಿ:

ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಪುಸ್ತಕ ಜೋಡಿಸಿದೆ.

ಮೊದಲು ನೋಟ್‌ಬುಕ್‌ಗಳಲ್ಲಿ ಮಾಡಿದೆ. ಅವು ಬಾಗುತ್ತವೆ, ಆಗಲಿಲ್ಲ. ಆಮೇಲೆ ಗಟ್ಟಿ ರಟ್ಟಿನ, ಒಂದೇ ಅಳತೆಯ ಆರು ಪುಸ್ತಕ ಸಿಕ್ಕಿದವು. ನಾಲ್ಕರಲ್ಲಿ ಲೆಕ್ಕದ ಪ್ರಕಾರ ಆಗಬೇಕು, ಆದರೆ ಕೈ ಬಿಟ್ಟ ಕೂಡಲೇ ಧೊಪ್ಪೆಂದು ಬಿತ್ತು. ಲೆಕ್ಕದ ಜಾಗ ಎಂದರೆ ಸರಿಯಾಗಿ ಬೀಳುವ ಅಂಚು, ಉಸಿರು ಬಿಟ್ಟರೂ ಹೋಗುತ್ತದೆ. ಐದು ಪುಸ್ತಕ ಇಟ್ಟು ಪ್ರತಿಯೊಂದನ್ನೂ ಒಂದು ಚೂರು ಒಳಗೆ ಎಳೆದೆ. ನಿಂತಿತು! ಮೇಲಿನದು ಮೇಜಿನಿಂದ ಒಂದು ಹೆಬ್ಬೆರಳಿನ ಅಗಲ ಆಚೆ. ಅಮ್ಮನನ್ನು ಕರೆದು ತೋರಿಸಿದೆ. "ಇದನ್ನು ಯಾವಾಗ ತೆಗೆಯುತ್ತೀಯ" ಎಂದರು.

ಎಷ್ಟು ದೂರ ಬೇಕಾದರೂ ಹೋಗಬಹುದು ಅನ್ನುವುದನ್ನೂ ಕೂತು ಹುಡುಕಿದೆ. 1/3 ಮತ್ತು 1/4 ಕೂಡಿಸಿದರೆ ಅರ್ಧಕ್ಕಿಂತ ಜಾಸ್ತಿ. ಮುಂದಿನ ನಾಲ್ಕನ್ನು ಕೂಡಿಸಿದರೂ ಅರ್ಧಕ್ಕಿಂತ ಜಾಸ್ತಿ. ಆಮೇಲಿನ ಎಂಟೂ ಹಾಗೇ. ಅರ್ಧಗಳು ಮುಗಿಯುವುದೇ ಇಲ್ಲ, ಹಾಗಾಗಿ ಮೊತ್ತವೂ ನಿಲ್ಲುವುದಿಲ್ಲ. ನಾನೇ ಕಂಡುಹಿಡಿದೆ ಅಂತ ಬೀಗಿದೆ. ಆಮೇಲೆ ನೋಡಿದರೆ ನಿಕೋಲ್ ಒರೆಮ್ ಅನ್ನುವವರು 14ನೇ ಶತಮಾನದಲ್ಲೇ ಇದನ್ನು ಮಾಡಿದ್ದರು. ಖುಷಿ ಏನೂ ಕಡಿಮೆ ಆಗಲಿಲ್ಲ. ಪುಸ್ತಕ ಮುಚ್ಚಿ ಮಲಗಿದೆ, ಚೆನ್ನಾಗಿ ನಿದ್ದೆ ಬಂತು.

ನಿದ್ದೆ ಬರದೆ ಇದ್ದದ್ದು ಮರುದಿನ. ಕೆಳಗಿನ ಪುಸ್ತಕದ ಒಳಗಿನ ತುದಿಯ ಮೇಲೆ ಒಂದು ದಪ್ಪ ನಿಘಂಟು ಇಟ್ಟೆ. ಗೋಪುರ ಇನ್ನೂ ಮುಂದೆ ಚಾಚಿತು. ಎಷ್ಟು ತೂಕಕ್ಕೆ ಎಷ್ಟು ಮುಂದೆ? ಅಡುಗೆಮನೆಯ ತಕ್ಕಡಿ ತಂದು ಎಲ್ಲ ಪುಸ್ತಕಗಳನ್ನೂ ತೂಗಿದೆ. ಲೆಕ್ಕ ಒಂದು ಹೇಳಿತು, ಅಳತೆ ಇನ್ನೊಂದು ಹೇಳಿತು, ನಡುವೆ ಎಂಟು ಮಿಲಿಮೀಟರ್ ವ್ಯತ್ಯಾಸ. ಪುಸ್ತಕದ ಬೆನ್ನಿನ ಕಡೆ ಭಾರ ಜಾಸ್ತಿ ಇರುತ್ತದಾ? ಒಂದು ಪೆನ್ಸಿಲ್ ಮೇಲೆ ಅಡ್ಡ ಇಟ್ಟು ತೂಗಿಸಿದೆ. ಹೌದು, ಸಮತೋಲ ನಿಲ್ಲುವುದು ನಡುವಿನಲ್ಲಲ್ಲ, ಬೆನ್ನಿನ ಕಡೆಗೆ ನಾಲ್ಕೈದು ಮಿಲಿಮೀಟರ್ ಸರಿದಿದೆ. ರಾತ್ರಿ ಒಂದೂವರೆಯಾಗಿತ್ತು. ಎದ್ದು ನೋಡಿದರೆ ಯಾವ ಸಲ ಬಿತ್ತು, ಯಾವ ಸಲ ನಿಂತಿತು ಅಂತ ಎರಡು ಹಾಳೆ ತುಂಬ ಪಟ್ಟಿ ಬರೆದಿದ್ದೇನೆ. ಯಾರೂ ಬರೆ ಅಂತ ಹೇಳಿರಲಿಲ್ಲ.

ದಾಟಿದವರೇ, 227 ಪುಸ್ತಕದ ಕಡೆ ನನ್ನ ಮನಸ್ಸು ಓಡಲೇ ಇಲ್ಲ. ಕ್ಷಮಿಸಿ. ಫಾರ್ಮ್ ಇವತ್ತು ಬೆಳಿಗ್ಗೆ ತುಂಬಿದೆ, ಫಿಸಿಕ್ಸ್. ಸಿಲಬಸ್ ಪಕ್ಕಪಕ್ಕ ಇಟ್ಟು ನೋಡಿದೆ, ಲೀನಿಯರ್ ಆಲ್ಜೀಬ್ರಾ ಇಬ್ಬರಿಗೂ ಒಂದೇ ಕ್ಲಾಸು, ಅನಾಲಿಸಿಸ್ ಬೇರೆ.

ಅರ್ಧಕ್ಕೆ ದಾಟಿದವನು:

ಕ್ಷಮೆ ಯಾಕೆ? ಎಂಟು ಮಿಲಿಮೀಟರ್‌ನಲ್ಲಿ ನಾಲ್ಕೈದು ಬೆನ್ನಿಗೆ ಹೋಯಿತು, ಉಳಿದ ಮೂರು ಎಲ್ಲಿ ಹೋಯಿತು ಅಂತ ನನಗೀಗ ಕಾಡುತ್ತಿದೆ.

ಎರಡು ದೋಣಿ:

ರಟ್ಟು ಬಾಗಿದ್ದು ಅನಿಸುತ್ತದೆ. ನಾಳೆ ನೋಡುತ್ತೇನೆ.

ಶನಿವಾರದ ಲ್ಯಾಬ್:

ಬನ್ನಿ ಬನ್ನಿ. ನಮ್ಮಲ್ಲಿ ಮೊದಲ ಪ್ರಯೋಗ ಲೋಲಕವೇ. ಗುಂಡಿನ ವ್ಯಾಸ ಅಳೆಯಲು ಮರೆಯಬೇಡಿ.